ಅಳಿಯ ಮೀನು ಮಗುಚಿದ್ದು

ಚೀನಾದ ನಿಂಗ್ಬೋ ನಗರದಲ್ಲಿ ಇಷ್ಟು ವರ್ಷ ಉಂಡು ಅರಗಿಸಿಕೊಂಡ ಮೇಲೆ, ಊಟದ ಮೇಜಿನ ಮುಂದೆ ತನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬುದು ದೆರೆಜೆಯ ಖಚಿತ ಅಭಿಪ್ರಾಯವಾಗಿತ್ತು. ಅವನು ಇಥಿಯೋಪಿಯದ ಬೆಟ್ಟಸೀಮೆಯವನು. ಹುಟ್ಟಿದ ಊರಿನಲ್ಲಿ ಸಮುದ್ರ ಹಾಗಿರಲಿ, ಹೇಳಿಕೊಳ್ಳುವಂಥ ಕೆರೆಯೂ ಇರಲಿಲ್ಲ. ಆದರೆ ಈಗ ನೋಡಬೇಕು ಅವನನ್ನು. ಬೆಳಿಗ್ಗೆ ಬೀದಿಬದಿಯ ಸ್ಟೂಲಿನ ಮೇಲೆ ಕುಳಿತು, ಕರಿದ ಹಿಟ್ಟಿನ ಕೋಲನ್ನು ಸೋಯಾ ಹಾಲಿನಲ್ಲಿ ಅದ್ದಿ ತಿನ್ನುವನು. ಉಪ್ಪಿನಲ್ಲಿ ನೆನೆಹಾಕಿದ ಹಸಿ ಏಡಿಯನ್ನು ಕಣ್ಣು ಮುಚ್ಚಿ ಚೀಪುವನು. ಬಂದರಿನ ಕಂಟೇನರ್ ಕಚೇರಿಯಲ್ಲಿ ಎಲ್ಲರೂ ಅವನನ್ನು ನಮ್ಮವನೇ ಎನ್ನುತ್ತಿದ್ದರು.

ಎನ್ನದವರು ಒಬ್ಬರೇ, ಅವನ ಮಾವ ಬಾವೊ. ಮೀನುಗಾರಿಕೆ ದೋಣಿಯ ಯಜಮಾನರು. ಮದುವೆಯಾದಾಗಿನಿಂದಲೂ ಅವರು ದೆರೆಜೆಯೊಂದಿಗೆ ನೇರ ಮಾತಾಡಿದ್ದಿಲ್ಲ. ಅವನು ಎದುರಿಗೇ ಕುಳಿತಿದ್ದರೂ ಮಗಳ ಕಡೆ ತಿರುಗಿ, "ನಿನ್ನ ಆ ವಿದೇಶಿಯವನಿಗೆ ಇನ್ನೂ ಅನ್ನ ಬೇಕಂತಾ ಕೇಳು" ಎನ್ನುವರು. ಆ ಬಾಯಿಂದ ಒಮ್ಮೆ 'ಅಳಿಯ' ಎಂಬ ಮಾತು ಕೇಳಬೇಕೆಂಬುದೊಂದೇ ದೆರೆಜೆಯ ಆಸೆ.

ಅವಕಾಶ ತಾನಾಗಿಯೇ ಬಂತು. ಬೇಸಿಗೆಯ ಮೀನುಗಾರಿಕೆ ನಿಷೇಧ ಮುಗಿದು, ಮರುದಿನ ಮಧ್ಯಾಹ್ನ ದೋಣಿಗಳೆಲ್ಲ ಕಡಲಿಗೆ ಇಳಿಯುವುದಿತ್ತು. ಹಗ್ಗ, ಬಲೆ ಕೊಳ್ಳಲು ಮಾವ ಅತ್ತೆ ನಗರಕ್ಕೆ ಬಂದಿದ್ದರು. ಅತ್ತೆಯೇ ಮುಂದೆ ನಿಂತು ಗಂಡನನ್ನು ಹೋಟೆಲಿನ ಊಟಕ್ಕೆ ಒಪ್ಪಿಸಿದರು.

"ಇವತ್ತು ಆರ್ಡರ್ ಮಾಡೋದೂ ನಾನೇ, ಬಡಿಸೋದೂ ನಾನೇ. ನೀನು ಸುಮ್ನೆ ಕೂತು ನೋಡು," ಎಂದು ದೆರೆಜೆ ಹೆಂಡತಿ ಹೈಯೆನ್‌ಗೆ ಹೇಳಿದ.

"ಮೀನಿನ ವಿಷಯ ಒಂದು ಮಾತು..."

"ತಲೆ ಹಿರಿಯರ ಕಡೆ ಇರಬೇಕು. ನಾನೇನು ನಿನ್ನೆ ವಿಮಾನ ಇಳಿದವನಾ?"

"ಆಯ್ತು ಮಾರಾಯ," ಎಂದು ಅವಳು ಬಾಯಿ ಮುಚ್ಚಿಕೊಂಡಳು.

ಮೊದಲರ್ಧ ಅವನದೇ ದಿಗ್ವಿಜಯ. ಬಾಗಿಲಿಗೆ ಎದುರಾದ ಹಿರಿಯರ ಜಾಗದಲ್ಲಿ ಮಾವನನ್ನು ಕೂರಿಸಿದ. ತೊಟ್ಟಿಯಲ್ಲಿ ಈಜುತ್ತಿದ್ದ ಮೀನನ್ನು ತಾನೇ ಆರಿಸಿ ಹಬೆಯಲ್ಲಿ ಬೇಯಿಸಲು ಹೇಳಿದ. ಅದು ಬಂದಾಗ ತಲೆಯನ್ನು ಮಾವನ ಕಡೆಗೆ ತಿರುಗಿಸಿದ. ಲೋಟಕ್ಕೆ ಲೋಟ ತಾಗಿಸುವಾಗ ಗೌರವಕ್ಕೆಂದು ತನ್ನದನ್ನು ಮೇಜಿಗೆ ಮುಟ್ಟುವಷ್ಟು ತಗ್ಗಿಸಿದ. ಅತ್ತೆ ಗಂಡನ ಮೊಣಕೈ ತಿವಿದರು. ಮಾವ ಇಲ್ಲವೆನ್ನಲಾಗದೆ ತಲೆಯಾಡಿಸಿದರು. ಆ ತಲೆಯಾಟ ದೆರೆಜೆಯ ತಲೆಗೇರಿತು.

ಮೀನಿನ ಮೇಲಿನ ಮಗ್ಗುಲು ಮುಗಿದು ಮುಳ್ಳು ಕಾಣತೊಡಗಿತ್ತು. ಅವನ ಊರಿನಲ್ಲಿ ಒಳ್ಳೆಯ ತುತ್ತು ಅತಿಥಿಗೇ ಹೋಗಬೇಕು, ಅದೂ ಕರೆದವನ ಕೈಯಿಂದ. ಅಡಿಯಲ್ಲಿ ಅಷ್ಟು ಮೆತ್ತಗಿನ ಮಾಂಸ ಇರುವಾಗ ಸುಮ್ಮನಿರುವುದು ಹೇಗೆ? ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಊಟದ ಕಡ್ಡಿ ಹಿಡಿದ. ದೋಸೆ ಮಗುಚುವಷ್ಟು ನಾಜೂಕಾಗಿ, ಬಾಲವೂ ಮುರಿಯದಂತೆ, ಮೀನನ್ನು ಮಗುಚಿ ಹಾಕಿದ.

ಅತ್ತೆಯ ಕೈ ಬಾಯಿಯ ಹತ್ತಿರ ನಿಂತಿತು. ಮಾವ ಲೋಟ ಕೆಳಗಿಟ್ಟರು.

ಹೈಯೆನ್ ಹಲ್ಲು ಬಿಚ್ಚದೆ ಪಿಸುಗುಟ್ಟಿದಳು. "ದೋಣಿಯವರ ಮುಂದೆ ಮೀನು ಮಗುಚ್ತಾರೇನೋ? ದೋಣಿ ಮಗುಚಿದ ಹಾಗೆ ಅದು."

"ಮೊದಲೇ ಹೇಳಬಾರದಿತ್ತಾ?"

ಅವಳು ಬರೀ ನೋಡಿದಳು. ಆ ನೋಟ ತಡೆಯಲಾರದೆ ದೆರೆಜೆ ತಪ್ಪನ್ನು ಅಲ್ಲೇ ತಿದ್ದಲು ಹೊರಟ. ಮೀನನ್ನು ಮತ್ತೆ ಮಗುಚಿ ಮೊದಲಿದ್ದಂತೆಯೇ ಮಲಗಿಸಿದ. ಸಾರು ಚಿಮ್ಮಿ ಮಾವನ ತೋಳಿನ ಮೇಲೆ ಬಿತ್ತು.

ಮಾವ ತೋಳು ಒರೆಸಿಕೊಳ್ಳುತ್ತ ಮಗಳಿಗೆ ಹೇಳಿದರು. "ಒಂದು ಸಲ ಮುಳುಗಿಸಿದ್ದು ಸಾಲದು ಅಂತ, ಮೇಲೆತ್ತಿ ಇನ್ನೊಂದು ಸಲ ಮುಳುಗಿಸಿದ, ನಿನ್ನ ವಿದೇಶಿ."

ಇನ್ನು ಏನನ್ನೂ ಮುಟ್ಟದಿರುವುದೇ ಕ್ಷೇಮ ಎಂದುಕೊಂಡ ದೆರೆಜೆ, ಕಡ್ಡಿಗಳೆರಡನ್ನೂ ಜೋಡಿಸಿ ತನ್ನ ಬಟ್ಟಲಿನ ಮೇಲೆ ಅಡ್ಡಲಾಗಿ ಇಟ್ಟ. ಅತ್ತೆ ಕಣ್ಣು ಮುಚ್ಚಿಕೊಂಡರು.

"ತೆಗಿ ಅದನ್ನ," ಎಂದಳು ಹೈಯೆನ್.

"ಇದಕ್ಕೇನಾಯ್ತು ಈಗ?"

"ದೋಣಿ ಕೆಸರಲ್ಲಿ ಹೂತುಕೊಳ್ತು."

ಅತ್ತೆ ಇನ್ನೊಂದು ಮೀನು ತರಿಸಿದರು. ಮೇಲಿನ ಮಗ್ಗುಲು ತಿಂದು, ಮುಳ್ಳನ್ನು ಇಡಿಯಾಗಿ ಎತ್ತಿ ತೆಗೆದು, ಅಡಿಯದನ್ನು ಅಲುಗಿಸದೆ ತಿಂದರು. ದೆರೆಜೆ ತನ್ನ ಕೈಗಳ ಮೇಲೆ ತಾನೇ ಕುಳಿತಿದ್ದ. ಮೇಜಿನ ನಡುವಣ ತಿರುಗುವ ಗಾಜು ಮೀನನ್ನು ಅವನ ಹತ್ತಿರ ತಂದಾಗಲೆಲ್ಲ ಅತ್ತೆ ಒಂದು ಬೆರಳಿನಿಂದ ಅದನ್ನು ಮೆಲ್ಲಗೆ ಮುಂದೆ ಸಾಗಿಸುತ್ತಿದ್ದರು. ಹೊರಡುವಾಗ ಮಾವ, ನಾಳೆ ಅವನು ತಮ್ಮೂರಿನ ಮೀನುಗಾರಿಕೆ ಬಂದರಿನ ಕಡೆ ತಲೆ ಹಾಕುವುದು ಬೇಡ ಎಂದು ಮಗಳಿಗೆ ಹೇಳಿಹೋದರು.

ಮರುದಿನ ಗಂಡ ಹೆಂಡತಿ ದೋಣಿಗಳು ಕಡಲಿಗಿಳಿಯುವುದನ್ನು ಮನೆಯಲ್ಲೇ ಕುಳಿತು ಫೋನಿನಲ್ಲಿ ನೋಡಿದರು. ಪಟಾಕಿ, ಡೋಲು, ಕೆಂಪು ಬಾವುಟ. ಸಾಲು ಸಾಲು ದೋಣಿಗಳು ಹೊರಟವು. ಬಂದರಿನ ಬಾಯಿಯಲ್ಲಿ ಒಂದೇ ಒಂದು ದೋಣಿ ನಿಂತುಬಿಟ್ಟಿತು. ಮಗುಚಲಿಲ್ಲ, ಪುಣ್ಯಕ್ಕೆ. ಕೆಸರಲ್ಲಿ ಹೂತುಕೊಂಡಿತ್ತು. ಹಲವು ವರ್ಷಗಳಿಂದ ಬಲೆ ಬೀಸುವ ಜಾಗಕ್ಕೆ ಮಾವನೊಂದಿಗೆ ಪೈಪೋಟಿ ನಡೆಸಿದ್ದ ಮುದುಕ ಲೌ, ಉದ್ದಕ್ಕೆ ಹಾರನ್ ಬಾರಿಸುತ್ತ ಪಕ್ಕದಿಂದಲೇ ದಾಟಿಹೋದ. ಸಂಜೆ ಭರತದ ನೀರು ಏರುವ ತನಕ ಬಾವೊ ಅವರ ದೋಣಿ ಊರವರೆಲ್ಲರ ಕಣ್ಣೆದುರು ಅಲ್ಲೇ ಕುಳಿತಿತ್ತು.

ದೆರೆಜೆ ಅಂದಿನಿಂದ ಕಡ್ಡಿ ಮುಟ್ಟಲಿಲ್ಲ. ಬೀದಿಯ ನೂಡಲ್ಸ್ ಅಂಗಡಿಯಲ್ಲೂ ಚಮಚ ಕೇಳಿ ಪಡೆದು, ನಿನ್ನೆ ಬಂದವನಂತೆ ಸುರಿದುಕೊಂಡು ತಿಂದ.

ದೋಣಿಗಳು ಹಿಂತಿರುಗಿದ ದಿನ ಹೈಯೆನ್ ಫೋನನ್ನು ಅವನ ಕೈಗಿತ್ತಳು. ಅಪ್ಪ ನಿನ್ನನ್ನೇ ಕೇಳುತ್ತಿದ್ದಾನೆ ಎಂದಳು.

"ಅಳಿಯಾ," ಎಂದರು ಮಾವ.

ದೆರೆಜೆ ಎದ್ದು ನಿಂತ.

"ಆ ಲೌ ದೋಣಿ ತುಂಬಾ ಮೀನು ತಂದು ಮೆರೀತಿದ್ದಾನೆ. ನಾಡಿದ್ದು ಮತ್ತೆ ಹೊರಡ್ತಾನೆ. ನಾಳೆ ಅವನನ್ನ ಊಟಕ್ಕೆ ಕರೆದಿದ್ದೀನಿ. ನೀನೂ ಬಾ."

"ಬರ್ತೀನಿ ಮಾವ. ನಿಮ್ಮಾಣೆ, ಮೀನು ಮುಟ್ಟಲ್ಲ."

"ಮುಟ್ಟಬೇಡ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ." ಮಾವ ದನಿ ತಗ್ಗಿಸಿದರು. "ಊಟ ಆದ ಮೇಲೆ ಆ ಕಡ್ಡಿ ಎರಡನ್ನೂ ಬಟ್ಟಲ ಮೇಲೆ ಅಡ್ಡ ಇಡು. ಅಷ್ಟು ಸಾಕು."