ಐದು ಖಾನೆ, ಮೂರು ಹೆಸರು

ನಂಜನಗೂಡಿನಲ್ಲಿ ಯಾರಿಗೆ ಯಾರು ಏನಾಗಬೇಕು, ಯಾರ ಬಾಯಿಂದ ಹೊರಟ ಮಾತು ಯಾರ ಕಿವಿಗೆ ಬೀಳುತ್ತದೆ ಅನ್ನುವುದನ್ನು ಕಾರ್ತೀಕ ಮುಗಿಯುವುದರೊಳಗೆ ಒಂದೇ ಹಾಳೆಯ ಮೇಲೆ ಗೆರೆ ಎಳೆದು ತೋರಿಸದಿದ್ದರೆ ನನ್ನ ಹೆಸರು ಬಸವೇಶನೇ ಅಲ್ಲ! ಹೀಗೆಂದು ನಾನು ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಮೇಜು ಗುದ್ದಿ ಘೋಷಿಸಿದೆ. ಟೀ ಲೋಟಗಳು ಬೆಚ್ಚಿದವು. ಸಹೋದ್ಯೋಗಿಗಳು ಬೆಚ್ಚಲಿಲ್ಲ. ಅವರು ಒಂಬತ್ತು ವರ್ಷದಿಂದ ನನ್ನ ಪಿಎಚ್.ಡಿ. ಘೋಷಣೆಗಳನ್ನು ಕೇಳುತ್ತಲೇ ಬಂದವರು.

ನಾನು ಸಮಾಜಶಾಸ್ತ್ರದ ಮೇಷ್ಟ್ರು. ನನ್ನ ವಿಷಯ ಸಾಮಾಜಿಕ ಜಾಲ. ಮೊಬೈಲಿನಲ್ಲಿರುವುದಲ್ಲ, ಮನುಷ್ಯ ಮೊದಲ ಸಲ ಬಾಯಿ ಬಿಟ್ಟ ದಿನದಿಂದ ಇರುವುದು. ಪ್ರತಿ ಮನುಷ್ಯನೂ ಒಂದು ಚುಕ್ಕಿ. ಇಬ್ಬರು ಮನಸ್ಸು ಬಿಚ್ಚಿ ಮಾತಾಡಿದರೆ ನಡುವೆ ಒಂದು ಗೆರೆ. ನೂರಾರು ಜನರನ್ನು ಕೇಳಿ ಚುಕ್ಕಿ ಇಟ್ಟು ಗೆರೆ ಎಳೆದರೆ ಊರಿನ ನರನಾಡಿಯೆಲ್ಲ ಕಾಣುತ್ತದೆ! ಸುದ್ದಿ ಯಾರ ಮೂಲಕ ಹಾದುಹೋಗುತ್ತದೆ, ಎರಡು ಗುಂಪುಗಳ ನಡುವೆ ಸೇತುವೆ ಯಾರು, ಮೂಲೆಯಲ್ಲಿ ಒಂಟಿಯಾಗಿ ಕೂತವರು ಯಾರು, ಎಲ್ಲವೂ. ಇದನ್ನೆಲ್ಲ ನನ್ನ ಹೆಂಡತಿ ನಯನಳಿಗೆ ಒಂದು ಗಂಟೆ ವಿವರಿಸಿದಾಗ ಅವಳು, "ಇದಕ್ಕೆ ರಂಗೋಲಿ ಅಂತಾರೆ" ಅಂದಳು.

ನನ್ನ ಸ್ವಂತ ಚುಕ್ಕಿ ಹಾಳೆಯ ನಟ್ಟನಡುವೆ ಬರುತ್ತದೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನನ್ನ ಫೋನಿನಲ್ಲಿ ಎರಡು ಸಾವಿರದ ಮುನ್ನೂರ ಹದಿನಾಲ್ಕು ನಂಬರುಗಳಿವೆ. ದೇವಸ್ಥಾನದ ಬೀದಿಯಲ್ಲಿ ಅತ್ತಿಂದಿತ್ತ ಒಮ್ಮೆ ನಡೆದರೆ ಕನಿಷ್ಠ ಹತ್ತು ಜನ ನಮಸ್ಕಾರ ಸಾ ಅನ್ನುತ್ತಾರೆ. ಅವರಲ್ಲಿ ಒಂಬತ್ತು ಮಂದಿ ನನ್ನಿಂದ ಫೇಲಾದವರು, ಇರಲಿ. ಗೆರೆ ಗೆರೆಯೇ.

ಪ್ರಶ್ನಾವಳಿ ಅಚ್ಚಾಯಿತು. ಜಗತ್ತಿನ ದೊಡ್ಡ ದೊಡ್ಡ ವಿದ್ವಾಂಸರು ಕೇಳುವ ಪ್ರಶ್ನೆಯನ್ನೇ ನಾನೂ ಹಾಕಿಸಿದ್ದೆ: "ಕಳೆದ ಆರು ತಿಂಗಳಲ್ಲಿ ನಿಮಗೆ ಮುಖ್ಯವೆನಿಸಿದ ವಿಷಯವನ್ನು ಯಾರ ಯಾರ ಜೊತೆ ಮಾತಾಡಿದಿರಿ?" ಕೆಳಗೆ ಹೆಸರು ಬರೆಯಲು ಐದು ಖಾನೆ. ಊರಿಗೆ ಇಳಿಯುವ ಮುಂಚೆ ಮನೆಯಲ್ಲೇ ಒಂದು ಪ್ರಯೋಗ ಆಗಿಬಿಡಲಿ ಅಂತ ಭಾನುವಾರ ಬೆಳಿಗ್ಗೆ ಫಾರಂ ಹಿಡಿದು ನಯನಳ ಮುಂದೆ ಕೂತೆ. ಅವಳು ದಂಟಿನ ಸೊಪ್ಪು ಬಿಡಿಸುತ್ತಿದ್ದಳು.

"ಏನು ಬರೆದ್ರೂ ಬೇಜಾರು ಮಾಡ್ಕೊಳ್ಳಲ್ವಾ?" ಅಂದಳು.

"ಛೆ ಛೆ! ಸಂಶೋಧಕನಿಗೆ ಹೆಂಡತಿ ಅಂತ ಯಾರೂ ಇಲ್ಲ! ನೀನು ಬರೀ ಮಾಹಿತಿದಾರಳು. ಬರೆದದ್ದು ಗುಟ್ಟಾಗಿರುತ್ತೆ. ಯಾಕೆ ಏನು ಅಂತ ನಾನು ಕೇಳೋ ಹಾಗೇ ಇಲ್ಲ."

"ನಿಜವಾಗ್ಲೂ?"

"ವಿಜ್ಞಾನದಾಣೆ!"

ಅವಳು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಅರ್ಧ ನಿಮಿಷದಲ್ಲಿ ಬರೆದು ಕೊಟ್ಟಳು. ನಾನು ಕನ್ನಡಕ ಏರಿಸಿ ಓದಿದೆ. ಪುಟ್ಟಗೌರಮ್ಮ. ಚೈತ್ರ. ಕಲ್ಲಯ್ಯ. ಅಷ್ಟೇ! ಹಾಳೆ ತಿರುಗಿಸಿ ಹಿಂದುಗಡೆಯೂ ನೋಡಿದೆ.

"ಇನ್ನೂ ಎರಡು ಖಾನೆ ಖಾಲಿ ಇದೆ."

"ಮೂರೇ ಜನ ಕಣ್ರೀ."

"ಸ್ವಲ್ಪ ಯೋಚನೆ ಮಾಡು. ದಿನಾ ನೋಡೋರು... ಈ ಮನೇಲೇ ಇರೋರು..."

"ಬೆಕ್ಕಾ?"

"ನಾನು ಕಣೇ, ನಾನು!"

"ನಿಮ್ಮ ಹತ್ರ ಮಾತಾಡ್ತಾನೇ ಇರ್ತೀನಲ್ಲ. ಗ್ಯಾಸು ಮುಗೀತು, ನೀರು ಬಂತು, ಇಸ್ತ್ರಿ ಬಟ್ಟೆ ತನ್ನಿ. ಫಾರಂನಲ್ಲಿ ಮುಖ್ಯವಾದ ವಿಷಯ ಅಂತ ಹಾಕ್ಸಿದ್ದೀರಲ್ಲ, ಅದಕ್ಕೇ ಬರೀಲಿಲ್ಲ."

"ಅದ್ಯಾವುದು ಅಂಥಾ ಮುಖ್ಯವಾದ ವಿಷಯ?"

"ಕೇಳೋ ಹಾಗಿಲ್ಲ. ವಿಜ್ಞಾನದಾಣೆ" ಅಂದವಳೇ ಸೊಪ್ಪು ಎತ್ತಿಕೊಂಡು ಒಳಗೆ ಹೋದಳು.

ಇಪ್ಪತ್ತನಾಲ್ಕು ವರ್ಷದ ಸಂಸಾರ. ಮಕ್ಕಳಿಲ್ಲ, ಮನೆಯಲ್ಲಿ ಇರುವುದೇ ನಾವಿಬ್ಬರು. ಐದು ಖಾನೆಯಲ್ಲಿ ಎರಡು ಖಾಲಿ ಬಿದ್ದಿದ್ದರೂ ನನಗೆ ಜಾಗವಿಲ್ಲ! ಹೆದರಿಕೆಯಾಯಿತು. ಅವಳು ಏನನ್ನೋ ಮುಚ್ಚಿಟ್ಟಿದ್ದಾಳೆ. ಚೈತ್ರ ಅವಳ ತಂಗಿ, ತಿ. ನರಸೀಪುರದಲ್ಲಿದ್ದಾಳೆ. ಕಲ್ಲಯ್ಯ ಅವಳನ್ನು ದಿನಾ ತಾಂಡವಪುರದ ಸ್ಕೂಲಿಗೆ ಬಿಡುವ ಆಟೋದವನು; ನಯನ ಅಲ್ಲಿ ಮೇಡಂ. ನನ್ನ ಸಂಶೋಧಕ ಬುದ್ಧಿ ತಟ್ಟನೆ ಎದ್ದು ಕೂತಿತು. ಮನೆ ಬಿಟ್ಟು ಹೋಗಲು ಬೇಕಾದ ಏರ್ಪಾಡೆಲ್ಲ ಈ ಪಟ್ಟಿಯಲ್ಲಿದೆ! ಹತ್ತಲು ಆಟೋ, ಇಳಿದುಕೊಳ್ಳಲು ತಂಗಿಯ ಮನೆ! ಹೂವಿನ ಪುಟ್ಟಗೌರಮ್ಮ ಯಾಕೆ ಅನ್ನುವುದು ಮಾತ್ರ ತಿಳಿಯಲಿಲ್ಲ.

ನಮ್ಮ ಶಾಸ್ತ್ರದಲ್ಲಿ ಹಿಮದುಂಡೆ ವಿಧಾನ ಅಂತ ಒಂದಿದೆ. ಒಬ್ಬರು ಹೇಳಿದ ಹೆಸರು ಹಿಡಿದು ಅವರ ಬಳಿ ಹೋಗುವುದು, ಅವರು ಹೇಳಿದವರ ಬಳಿ ಮತ್ತೆ ಹೋಗುವುದು. ಉರುಳುತ್ತಾ ಉರುಳುತ್ತಾ ಉಂಡೆ ದೊಡ್ಡದಾಗುತ್ತದೆ. ಫ್ರಿಜ್ಜಿನ ಹೊರಗೆ ಹಿಮವನ್ನೇ ಕಾಣದ ನಾನು ಸೋಮವಾರ ಬೆಳಿಗ್ಗೆ ಉಂಡೆ ಉರುಳಿಸಿಯೇ ಬಿಟ್ಟೆ. ಹೆಂಡತಿಯ ಗುಟ್ಟು ಕೆದಕುತ್ತಿಲ್ಲ, ವಿಜ್ಞಾನಕ್ಕಾಗಿ ದುಡಿಯುತ್ತಿದ್ದೇನೆ ಅಂತ ನನಗೆ ನಾನೇ ಹೇಳಿಕೊಂಡೆ.

ಪುಟ್ಟಗೌರಮ್ಮ ಹದಿನೈದು ವರ್ಷದಿಂದ ನಮ್ಮ ಗೇಟಿಗೆ ಹೂವು ತರುವವಳು. ಅಷ್ಟು ವರ್ಷದಲ್ಲಿ ನಾನು ಅವಳ ಜೊತೆ ಆಡಿದ ಅತಿ ದೀರ್ಘ ಮಾತು, "ಗೇಟು ಹಾಕ್ಕೊಂಡು ಹೋಗು." ಅಂಥವಳ ಮುಂದೆ ಪೆನ್ನು ಚಾಚಿದೆ.

"ಇದು ಒಪ್ಪಿಗೆ ಪತ್ರ. ಸೈನ್ ಹಾಕಮ್ಮ. ಆಮೇಲೆ ಎರಡು ಪ್ರಶ್ನೆ ಕೇಳ್ತೀನಿ."

ಅವಳು ಎರಡು ಹೆಜ್ಜೆ ಹಿಂದೆ ಸರಿದಳು. "ಬ್ಯಾಡಿ ಸಾ! ನಮ್ಮಣ್ತಮ್ದೀರು ಇಂಗೇ ಒಪ್ಗೆ ಪತ್ರ ಅಂತ ಸೈನ್ ಆಕ್ಸ್ಕಂಡು ನನ್ ಪಾಲಿನ ಎಲ್ಡೆಕ್ರೆ ಒಡ್ಕಂಡ್ರು. ನಾ ಇನ್ ಯಾವ್ ಪತ್ರುಕ್ಕೂ ಆಕಾಕಿಲ್ಲ."

"ಸರಿ ಬಿಡು. ನಯನ ನಿನ್ನ ಹತ್ರ ಏನೋ ಮುಖ್ಯವಾದ ವಿಷಯ ಮಾತಾಡಿದ್ದಾಳಂತಲ್ಲ, ಅದೇನು?"

"ಅವ್ವಾರನ್ನೇ ಕೇಳಿ."

"ಅವಳು ಹೇಳಲ್ಲ."

"ಅವ್ರೇ ಏಳ್ನಿಲ್ಲ ಅಂದ್ಮೇಲೆ ನಾ ಯೆಂಗ್ ಏಳ್ಲಿ ಸಾ?" ಅಂದಳು. ಅವಳು ನನ್ನನ್ನು ನೋಡಿದ ನೋಟದಲ್ಲಿ ಕನಿಕರವಿತ್ತು. ಅದು ನನಗೆ ಹಿಡಿಸಲಿಲ್ಲ.

ಕಲ್ಲಯ್ಯ ಆಟೋ ಸ್ಟ್ಯಾಂಡಿನಲ್ಲಿ ಗಾಜು ಒರೆಸುತ್ತಿದ್ದ. ಬರೆದದ್ದು ಗುಟ್ಟಾಗಿಡಲಾಗುವುದು ಎಂದು ಫಾರಂನ ತಲೆಯ ಮೇಲೆ ದಪ್ಪಕ್ಷರದಲ್ಲಿ ಹಾಕಿಸಿದ್ದನ್ನು ಅವನಿಗೆ ಓದಿ ಹೇಳಿದೆ. ಅವನು ನಕ್ಕ.

"ಸಾ, ನನ್ ಗಾಡೀಲಿ ಕೂತೋರ್ ಮಾತ ನಾನು ಗಾಡೀಲೇ ಬುಡ್ತೀನಿ. ನೀವು ಅಚ್ಚಾಕ್ಸಿದ್ದೀರಿ, ನಾನು ಆಕ್ಸಿಲ್ಲ, ಅಷ್ಟೇಯ."

ಮರ್ಯಾದಸ್ಥನಾದವನು ಅಲ್ಲಿಗೆ ಸುಮ್ಮನಾಗುತ್ತಿದ್ದ. ನಾನು ಮಂಗಳವಾರ ರಜೆ ಹಾಕಿ ತಿ. ನರಸೀಪುರದ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ ಒಂದು ಉಪಾಯ ಹೆಣೆದೆ. ಕೇಳಿದರೆ ತಾನೇ ಹೇಳುವುದಿಲ್ಲ? ಗೊತ್ತಿರುವವನ ಹಾಗೆ ಹೋಗಬೇಕು! ಚೈತ್ರ ಬಾಗಿಲು ತೆಗೆದಳೋ ಇಲ್ಲವೋ, ಮುಖ ಸಪ್ಪಗೆ ಮಾಡಿಕೊಂಡು, "ನಿಮ್ಮಕ್ಕ ಎಲ್ಲಾ ಹೇಳಿದಳಮ್ಮ" ಅಂದೆ. ಅವಳ ಕಣ್ಣು ತುಂಬಿತು.

"ಹೇಳ್ಬಿಟ್ಲಾ ಭಾವ? ಭಾವಂಗೆ ಹೇಳು ಹೇಳು ಅಂತ ನಾನೆಷ್ಟು ಸಲ ಬಡ್ಕೊಂಡೆ! ಎದೇಲಿ ಗಂಟು ಅಂದ್ರೆ ಸುಮ್ನೇನಾ? ಸೂಜಿ ಹಾಕಿ ತೆಗೆದು ಟೆಸ್ಟಿಗೆ ಕಳಿಸಿದ್ದಾರೆ. ಗುರುವಾರ ರಿಪೋರ್ಟು. ಅಪ್ಪಂಗೂ ಗಂಟಿನಿಂದ್ಲೇ ತಾನೇ ಶುರುವಾಗಿದ್ದು..."

ಹಾಸ್ಯ ಬರೆಯುವವನು ಈ ಜಾಗದಲ್ಲಿ ಒಂದು ಚಟಾಕಿ ಹಾರಿಸಬೇಕು. ನನಗೆ ಯಾವುದೂ ಹೊಳೆಯುತ್ತಿಲ್ಲ. ಅವತ್ತೂ ಹೊಳೆಯಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲೇ ಕೂತುಬಿಟ್ಟೆ. ನಮ್ಮ ಮಾವನವರು ಎರಡು ವರ್ಷದ ಹಿಂದೆ ಕ್ಯಾನ್ಸರಿನಲ್ಲಿ ಹೋದವರು.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಬಾಗಿಲಲ್ಲಿ ನಮ್ಮ ಅತ್ತೆ ಗುರುಬಸಮ್ಮನವರು ನಿಂತಿದ್ದರು! ಬೆಳಿಗ್ಗೆಯೇ ಮೂಗೂರಿನಿಂದ ಮಗಳಿಗೆ ತುಪ್ಪ ತಂದಿದ್ದರಂತೆ. ಹಿತ್ತಲಲ್ಲಿದ್ದಾರೆ ಅಂತ ಚೈತ್ರ ಅಂದುಕೊಂಡಿದ್ದಳು. ಇನ್ನೊಂದು ಸಾವಿನ ಹೆದರಿಕೆ ಅಮ್ಮನಿಗೆ ಬೇಡ ಅಂತ ಅಕ್ಕ ತಂಗಿ ಇಬ್ಬರೂ ಎರಡು ತಿಂಗಳು ಕಾಪಾಡಿದ್ದ ಗುಟ್ಟನ್ನು ನಾನು ಎರಡು ನಿಮಿಷದಲ್ಲಿ ಅವರ ಕಿವಿಗೆ ಹಾಕಿಸಿದ್ದೆ. ಅತ್ತೆ ಅಳಲಿಲ್ಲ. ಸೊಂಟದಿಂದ ಫೋನು ತೆಗೆದರು. ಮೂರೇ ಮೂರು ಕಡೆಗೆ ಫೋನ್ ಮಾಡಿದರು.

ಊರಿನ ಸುದ್ದಿಯ ವೇಗವನ್ನು ಅಳೆಯುವುದು ನನ್ನ ಸಂಶೋಧನೆಯ ನಾಲ್ಕನೇ ಅಧ್ಯಾಯ. ಅದನ್ನು ಅವತ್ತು ಅಳೆದೆ. ನಾನು ಬಸ್ಸಿನಿಂದ ನಂಜನಗೂಡಿನಲ್ಲಿ ಇಳಿದಾಗ ರಸಬಾಳೆ ಮಾರುವವನು ಹತ್ತಿರ ಬಂದು, "ಧೈರ್ಯ ತಂದ್ಕಳಿ ಸಾ" ಅಂದ. ಮನೆಗೆ ಬಂದರೆ ವರಾಂಡದಲ್ಲಿ ಇಪ್ಪತ್ತು ಜೊತೆ ಚಪ್ಪಲಿ! ಪಕ್ಕದ ಮನೆಯಲ್ಲಿ ಕೊಟ್ಟಿದ್ದ ಕೀ ತಂದು ಬಾಗಿಲು ತೆಗೆದಿದ್ದರು. ಒಳಗೆ ಕಿತ್ತಳೆ, ಬ್ರೆಡ್ಡು, ಎಳನೀರು. ಅತ್ತೆ ಯಾರದೋ ಕಾರಿನಲ್ಲಿ ನನಗಿಂತ ಮುಂಚೆ ಬಂದು ನಡುಮನೆಯಲ್ಲಿ ಕೂತಿದ್ದರು. ನಯನಳ ಸೋದರಮಾವ ರಂಗನಾಯಕ ಎಲ್ಲರಿಗೂ ಕೇಳುವಂತೆ ಸಮಾಧಾನ ಹೇಳುತ್ತಿದ್ದರು. "ಏನೂ ಯೋಚ್ನೆ ಮಾಡ್ಬ್ಯಾಡಿ. ನಮ್ ಷಡ್ಕನ್ ಅತ್ಗೆಗೂ ಇಂಗೇ ಆಗಿತ್ತು. ಪಾಪ, ಒಳ್ಳೆ ಎಂಗ್ಸು. ಮೂರೇ ತಿಂಗ್ಳು."

ಸ್ಕೂಲಿನಿಂದ ಬಂದ ನಯನ ಬ್ಯಾಗು ಹೆಗಲಲ್ಲೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಳು. ಜನರನ್ನು ನೋಡಿದಳು, ಹಣ್ಣು ನೋಡಿದಳು, ತಾಯಿಯ ಮುಖ ನೋಡಿದಳು. ಕೊನೆಗೆ ನನ್ನತ್ತ ತಿರುಗಿದಳು.

"ನೀವಾ?"

"ಹಿಮದುಂಡೆ ವಿಧಾನ..." ಅಂದೆ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬಂದವರಿಗೆಲ್ಲ ಕಾಫಿ ಮಾಡಿದಳು. ತಾಯಿಯ ಪಕ್ಕ ಕೂತು, ಏನೂ ಆಗಲ್ಲ ಕಣವ್ವ ಅಂತ ಅವರ ಬೆನ್ನು ಸವರಿದಳು. ಕಾಯಿಲೆ ಇವಳಿಗೆ, ಸಮಾಧಾನ ಹೇಳುವ ಕೆಲಸವೂ ಇವಳಿಗೇ! ಎಲ್ಲರೂ ಎದ್ದು ಹೋದ ಮೇಲೆ ಲೋಟಗಳನ್ನು ಎತ್ತಿಕೊಂಡು ನಾನೂ ಅವಳ ಹಿಂದೆ ಅಡುಗೆಮನೆಗೆ ಹೋದೆ.

"ನನಗೆ ಯಾಕೆ ಹೇಳಲಿಲ್ಲ ನಯನ?"

"ಹೇಳ್ದೆ ಕಣ್ರೀ."

"ಯಾವಾಗ?"

"ಗೊತ್ತಾದ ದಿನಾನೇ. ಗೋಡೆಗೆ ಚಾರ್ಟು ಅಂಟಿಸಿ ಗೆರೆ ಎಳೀತಿದ್ರಿ. ಎದೇಲಿ ಗಂಟು ಥರ ಏನೋ ಸಿಗ್ತಿದೆ, ನಂಗೆ ಭಯ ಆಗ್ತಿದೆ ಅಂದೆ. ಹ್ಞೂಂ ಅಂದ್ರಿ."

"ಆಮೇಲೆ?"

"ಆಮೇಲೆ ನೋಡೋಣ ಅಂದ್ರಿ. ಮಿಕ್ಸಿ ಕೆಟ್ಟಿದೆ ಅಂದಾಗಲೂ ನೋಡೋಣ ಅಂದಿದ್ರಿ. ಮಿಕ್ಸಿ ಇನ್ನೂ ಹಾಗೇ ಇದೆ. ಇದಕ್ಕೆ ಅಷ್ಟು ದಿನ ಕಾಯೋಕಾಗಲ್ಲ ಅನ್ನಿಸ್ತು." ಅವಳು ನಲ್ಲಿ ತಿರುಗಿಸಿದಳು. "ಮಾರನೇ ದಿನ ಗೇಟಲ್ಲಿ ಹೂವು ತಗೊಳ್ಳುವಾಗ ಅಳು ಬಂದುಬಿಡ್ತು. ಪುಟ್ಟಗೌರಮ್ಮ ಯಾಕವ್ವ ಅಂದ್ಲು. ಹೇಳ್ದೆ. ಬುಟ್ಟೀನ ನಮ್ಮ ಜಗಲಿ ಮೇಲಿಟ್ಟು, ನಡೀ ಓಗವ ಅಂತ ಅವತ್ತೇ ಮೈಸೂರಿಗೆ ಹೊರಟ್ಲು. ಕಲ್ಲಯ್ಯ ಬಸ್ ಸ್ಟ್ಯಾಂಡಿಗೆ ಬಿಟ್ಟ. ವಾಪಸ್ ಬರೋವರೆಗೂ ಕಾದಿದ್ದ. ಅವರು ಕೇಳಿದ್ರು ಕಣ್ರೀ, ಅಷ್ಟೇ."

ತಪ್ಪಾಯ್ತು ಅಂದೆ. ಅವಳು ಲೋಟ ತೊಳೆಯುತ್ತಾ ಹ್ಞೂಂ ಅಂದಳು. ಇಪ್ಪತ್ತನಾಲ್ಕು ವರ್ಷ ನಾನು ಹೇಳಿಕೊಂಡು ಬಂದ ಆ ಹ್ಞೂಂ ಕೇಳಿಸಿಕೊಳ್ಳುವವರಿಗೆ ಹೇಗಿರುತ್ತದೆ ಅಂತ ಅವತ್ತು ಗೊತ್ತಾಯಿತು.

ಗುರುವಾರ ನಾನೂ ಬಂದೇ ಬರುತ್ತೇನೆ ಅಂತ ಹಟ ಹಿಡಿದೆ. ಇಸ್ತ್ರಿ ಶರ್ಟು ತೊಟ್ಟೆ. ಇನ್ನು ಮುಂದೆ ಹೆಂಡತಿಯ ಕಷ್ಟಸುಖದಲ್ಲಿ ಮೊದಲ ಚುಕ್ಕಿ ನಾನೇ! ಮೈಸೂರಿನ ಆಸ್ಪತ್ರೆಯಲ್ಲಿ ನಯನ, ಪುಟ್ಟಗೌರಮ್ಮ, ನಾನು ಮೂವರೂ ಬೆಂಚಿನ ಮೇಲೆ ಕೂತೆವು. ಸಿಸ್ಟರ್ ಬಂದು ಹೆಸರು ಕೂಗಿದರು.

"ಪೇಷೆಂಟ್ ಜೊತೆ ಒಬ್ಬರು ಮಾತ್ರ ಬನ್ನಿ."

ಎದೆ ಸೆಟೆಸಿ ಎದ್ದೆ. ಸಿಸ್ಟರ್ ಫೈಲು ನೋಡಿದರು. "ಇದರಲ್ಲಿ ಪುಟ್ಟಗೌರಮ್ಮ ಅಂತ ಇದೆಯಲ್ಲ. ನೀವ್ಯಾರು?"

"ನಾನು ಗಂಡ!"

"ಹೌದಾ? ಮೂರು ಸಲ ಬಂದಿದ್ರು, ನೋಡೇ ಇಲ್ಲ ನಿಮ್ಮನ್ನ."

ನಾನು ನಯನಳನ್ನು ನೋಡಿದೆ. ಅವಳ ಕೈ ಆಗಲೇ ಪುಟ್ಟಗೌರಮ್ಮನ ಕೈಯೊಳಗಿತ್ತು. "ಇವರೇ ಬರ್ಲಿ ಸಿಸ್ಟರ್" ಅಂದಳು ಮೆಲ್ಲಗೆ. ಪುಟ್ಟಗೌರಮ್ಮ ಪಕ್ಕದಲ್ಲಿದ್ದ ಹೂವಿನ ಬುಟ್ಟಿಯನ್ನು ನನ್ನ ತೊಡೆಯ ಮೇಲೆ ಇಟ್ಟಳು. "ವಸಿ ನೋಡ್ಕಳಿ ಸಾ. ಬಾಡೋಯ್ತವೆ, ನೀರು ಚುಮುಕ್ಸಿ."

ಬಾಗಿಲು ಮುಚ್ಚಿತು. ನಾನು ನೀರು ಚಿಮುಕಿಸುತ್ತಾ ಕೂತೆ. ಹೆಂಗಸೊಬ್ಬರು ಬಂದು, "ಮಲ್ಲಿಗೆ ಮೊಳ ಎಷ್ಟಪ್ಪ?" ಅಂದರು. ಗೊತ್ತಿಲ್ಲ ಅಂದೆ. "ಮಾರೋಕೆ ಕೂತು ರೇಟ್ ಗೊತ್ತಿಲ್ಲ ಅಂತೀಯಲ್ಲ!" ಅಂತ ಗೊಣಗುತ್ತಾ ಹೋದರು. ಇಪ್ಪತ್ತು ನಿಮಿಷವಾಯಿತು. ಆ ಬಾಗಿಲನ್ನು ನೋಡಿದಷ್ಟು ನಾನು ಬದುಕಿನಲ್ಲಿ ಯಾವುದನ್ನೂ ನೋಡಿಲ್ಲ. ನಮ್ಮ ಮನೆದೇವರಿಗೆ ಏನೇನೋ ಹೇಳಿಕೊಂಡೆ.

ಬಾಗಿಲು ತೆರೆಯಲಿಲ್ಲ. ನನ್ನ ಫೋನು ಹೊಡೆದುಕೊಂಡಿತು. ಹಿಂದಿನ ದಿನ ಮೂಗೂರಿಗೆ ಮರಳಿದ್ದ ಅತ್ತೆ.

"ಇಸ್ಯ ಗೊತ್ತಾಯ್ತಾ ಅಳಿಯಂದ್ರೇ? ಅದೇ ಕಾಯ್ಲೇನೇ ಅಂತೆ. ಆದ್ರೆ ಸುರೂನಲ್ಲೇ ಸಿಕ್ತಂತೆ. ಆಪ್ರೇಸನ್ ಮಾಡುದ್ರೆ ಉಳ್ಕತಾಳೆ ಅಂದ್ರಂತೆ ಡಾಕ್ಟ್ರು."

"ನಿಮಗೆ ಯಾರು ಹೇಳಿದರು?"

"ಚೈತ್ರ. ಅವಳ್ಗೆ ಒಳುಗ್ನಿಂದ್ಲೇ ಫೋನ್ ಬಂತಂತೆ."

ನನ್ನಿಂದ ಎಂಟು ಅಡಿ ದೂರದಲ್ಲಿ ಹುಟ್ಟಿದ ಸುದ್ದಿ ತಿ. ನರಸೀಪುರಕ್ಕೆ ಹೋಗಿ, ಮೂಗೂರಿಗೆ ಹೋಗಿ, ಅಲ್ಲಿಂದ ನನ್ನನ್ನು ಹುಡುಕಿಕೊಂಡು ಬಂದಿತ್ತು. ಉಳಿದುಕೊಳ್ಳುತ್ತಾಳೆ ಅನ್ನುವ ಒಂದು ಮಾತನ್ನು ಹಿಡಿದುಕೊಂಡು, ಬುಟ್ಟಿಯ ಮೇಲೆ ಬಗ್ಗಿ ಅತ್ತುಬಿಟ್ಟೆ. ನಾಚಿಕೆಯೂ ಆಗಲಿಲ್ಲ.

"ಅಳ್ಬ್ಯಾಡಿ, ಬುಡಿ. ಎಲ್ಲಿದ್ದೀರಿ ನೀವು?"

"ಇಲ್ಲೇ. ಬಾಗಿಲ ಹೊರಗೆ."

"ಮತ್ತೆ ಒಳಗೆ ಅವಳ್ ಜೊತೆ ಯಾರವ್ರೆ?"

"ಪುಟ್ಟಗೌರಮ್ಮ."

ಮೂಗೂರಿನಲ್ಲಿ ಬಿಟ್ಟ ನಿಟ್ಟುಸಿರು ನನ್ನ ಕಿವಿಗೆ ತಾಗಿತು.

"ಸದ್ಯ! ನನ್ ಮಗ್ಳು ನಿಮ್ ಜೊತೆ ಒಬ್ಳೇ ಓಗ್ಬುಟ್ಟವ್ಳೇನೋ ಅಂತ ಎದ್ರುಕಂಡಿದ್ದೆ."