ಮಾವನ ವ್ಯಾನೂ ತುಂಬಿದ ಕೊಡವೂ

ನಮ್ಮ ಸೋದರಮಾವನಷ್ಟು ಟೈರುಗಳನ್ನು ಮುದ್ದಿಸಿದವರು ಕೆಂಗೇರಿಯಲ್ಲಿ ಇನ್ನೊಬ್ಬರಿರಲಿಲ್ಲ. ತನ್ನನ್ನೇ ಅಷ್ಟು ಮುದ್ದಿಸಲಿಲ್ಲವೆಂದು ಅತ್ತೆ ಹೇಳುತ್ತಿದ್ದರು. ಅದರ ಸತ್ಯಾಸತ್ಯ ನನಗೆ ತಿಳಿಯದು!

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ದೊಡ್ಡ ವ್ಯಾನೊಂದನ್ನು ಮಾವ ಕೊಂಡಿದ್ದರು. ಅದರಲ್ಲಿ ಕೆಂಗೇರಿಯಿಂದ ಪೇಟೆಗೆ ಜನರನ್ನು ಸಾಗಿಸುತ್ತಿದ್ದರು. ಸಿಪಾಯಿಗಳ ಸೊಂಟಕ್ಕೆಂದು ಮಾಡಿದ ಗಾಡಿ! ಹತ್ತಿದವರು ಇಳಿಯುವಾಗ ಯಾವ ಮೂಳೆ ಎಲ್ಲಿತ್ತೆಂದು ಹುಡುಕಿಕೊಳ್ಳಬೇಕಾಗಿತ್ತು. ಮಾವ ಅದನ್ನೆಲ್ಲ ತಲೆಗೆ ಹಚ್ಚಿಕೊಂಡವರಲ್ಲ.

ಆ ವರ್ಷ ಮಾತ್ರ ವ್ಯಾನು ಕುಲುಕದಂತೆ ಮಾಡಲೇಬೇಕೆಂದು ಹಟ ಹಿಡಿದರು. ಬ್ಯಾಡರಹಳ್ಳಿಗೆ ಕೊಟ್ಟಿದ್ದ ಮಗಳು ಮತ್ತೆ ಬಸುರಿ, ಏಳು ತುಂಬಿತ್ತು. ಹಿಂದಿನ ಸಲವೂ ಇದೇ ವ್ಯಾನಿನಲ್ಲಿ ತವರಿಗೆ ಕರೆತಂದಿದ್ದರು. ಆ ಮಗು ಉಳಿಯಲಿಲ್ಲ. ಪ್ರಯಾಣ ಕಾರಣವಲ್ಲವೆಂದು ಡಾಕ್ಟರಮ್ಮ ಎಷ್ಟು ಹೇಳಿದರೂ ಮಾವ ಕೇಳಲಿಲ್ಲ. "ನನ್ ವ್ಯಾನೇ ತಿಂತು," ಎಂದುಬಿಟ್ಟಿದ್ದರು.

ಟೈರಂಗಡಿಯಲ್ಲಿ ಹಲಸಿನ ಹಣ್ಣು ತಟ್ಟುವಂತೆ ಒಂದೊಂದು ಟೈರನ್ನೂ ತಟ್ಟಿ, ಕಿವಿಯಿಟ್ಟು ಕೇಳಿ, ಕೊನೆಗೆ ಅದರ ಮೇಲೆ ಕುಳಿತು ಕುಪ್ಪಳಿಸಿದರು.

"ಇದು ತಗೊಳ್ಳಿ ಯಜಮಾನ್ರೇ, ಸವೆಯೋದೇ ಇಲ್ಲ. ಕಲ್ಲಿದ್ದಂಗಿದೆ," ಎಂದರು ಅಂಗಡಿಯವರು.

"ಕಲ್ಲು ರಸ್ತೇಲೇ ಬೇಕಾದಷ್ಟಿದೆ! ಮೆತ್ತಗಿರೋದು ಕೊಡಪ್ಪಾ."

ಆಮೇಲೆ ಗ್ಯಾರೇಜು. ಚಕ್ರಗಳ ಮೇಲೆ ವ್ಯಾನಿನ ಭಾರ ಹೊರುವ ಉಕ್ಕಿನ ಕಮಾನು ಪಟ್ಟಿಗಳಿರುತ್ತವಲ್ಲ, ಆ ದಪ್ಪ ಪಟ್ಟಿಗಳನ್ನೆಲ್ಲ ಬಿಚ್ಚಿಸಿ ತೆಳ್ಳಗಿನವನ್ನು ಹಾಕಿಸಿದರು.

"ಪೇಟೆ ಜನ ತುಂಬಿದ್ರೆ ವ್ಯಾನು ಕೂತ್ಕೊಂಡ್ಬಿಡುತ್ತೆ ಸ್ವಾಮಿ," ಎಂದ ಮೇಸ್ತ್ರಿ.

"ಕೂತ್ಕೊಳ್ಲಿ. ಪೇಟೆ ಜನ ನಡ್ಕೊಂಡ್ ಹೋಗ್ಲಿ!"

ಇನ್ನು ಪರೀಕ್ಷೆ. ಮೇಷ್ಟರ ಕೆಲಸ ಮಾಡುತ್ತಿದ್ದ ನನ್ನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತೊಡೆಯ ಮೇಲೆ ನೀರು ತುಂಬಿದ ಕೊಡ ಇಟ್ಟರು. ಬ್ಯಾಡರಹಳ್ಳಿಗೆ ಹೋಗಿ ಬರುವಷ್ಟರಲ್ಲಿ ನನ್ನ ಪಂಚೆಯನ್ನು ಹಿಂಡಬೇಕಾಯಿತು. ಮರುದಿನವೂ ಅದೇ ಸ್ನಾನ!

"ತುಂಬಿದ ಕೊಡ ತುಳುಕಲ್ಲ ಅಂತಾರಲ್ಲ ಮಾವ?"

"ಆ ಗಾದೆ ಮಾಡ್ದೋನು ಬ್ಯಾಡರಹಳ್ಳಿ ರಸ್ತೇಲಿ ಹೋಗಿಲ್ಲ ಕಣೋ!" ಎಂದು ಟೈರುಗಳ ಗಾಳಿಯನ್ನು ಇನ್ನಷ್ಟು ಇಳಿಸಿದರು. ನನಗೆ ನಗು ಬಂತು. ಅವರ ಮುಖ ನೋಡಿ ನುಂಗಿಕೊಂಡೆ.

ಮಗಳನ್ನು ಕರೆತರುವ ದಿನ ಮಾವ ಒಬ್ಬರೇ ಹೋದರು, ಜೊತೆಗೆ ಕೊಡ. ಮಧ್ಯಾಹ್ನ ವ್ಯಾನು ಬಂತು. ಬಂತು ಎನ್ನುವುದೇ ಹೆಚ್ಚು. ಹುಲ್ಲಿನ ಗಾಡಿಯೊಂದು ಅದನ್ನು ಹಿಂದೆ ಹಾಕಿ ಮುಂದೆ ಹೋಯಿತು! ಅತ್ತೆ ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ನಾನು ಬಾಗಿಲು ತೆಗೆಯಲು ಓಡಿದೆ. ಮಾವ ಕೆಳಗಿಳಿದು ನನ್ನ ಕೈ ಹಿಡಿದುಕೊಂಡರು.

"ಶ್... ಮಲಗವ್ಳೆ ಕಣೋ. ಬಾಗಿಲು ಕಿರ್ ಅನ್ನುತ್ತೆ."

ಇಣುಕಿ ನೋಡಿದೆ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವಳು ಗಾಢ ನಿದ್ದೆಯಲ್ಲಿದ್ದಳು. ಪಕ್ಕದ ಕೊಡದಲ್ಲಿ ಅರ್ಧ ನೀರೂ ಉಳಿದಿರಲಿಲ್ಲ.

"ಕೊಡ ತುಳುಕಿದೆಯಲ್ಲ ಮಾವ?" ಎಂದು ಪಿಸುಗುಟ್ಟಿದೆ.

"ತುಳುಕ್ಲಿ ಬಿಡೋ. ದಾರೀಲಿ ಮಗು ಒದೀತಂತೆ. ಅವಳೇ ನಗ್ತಾ ಹೇಳಿದ್ಲು."

ಹೆಗಲ ಮೇಲಿನ ಟವೆಲನ್ನು ಮುಖಕ್ಕೆ ಒತ್ತಿಕೊಂಡು ಮಾವ ವ್ಯಾನಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಅವಳು ತಾನಾಗಿ ಏಳುವವರೆಗೂ ಅತ್ತೆ ಆರತಿಯ ದೀಪಕ್ಕೆ ಸೆರಗು ಮರೆ ಮಾಡಿಕೊಂಡು ಬೀದಿಯಲ್ಲೇ ನಿಂತಿದ್ದರು.