ಗ್ರಾಫಿನ ದ್ವಾರಪಾಲಕರು

ಜಯಸಿಂಹ: ಮಿಕ್ಸಿ ಆಫ್ ಮಾಡು ಅಂದ್ರೆ ಪ್ಲಗ್ಗೂ ಕೀಳು ಅಂತ ಅರ್ಥ ಕಣೇ!

ಸರಸ್ವತಿ: ಕಿತ್ತಾಯ್ತು. ಚಟ್ನಿ ಅರ್ಧಂಬರ್ಧ ರುಬ್ಬಿದೆ, ಕಾಯಿ ಹಲ್ಲಿಗೆ ಸಿಗತ್ತೆ. ಹಾಗೇ ಬಡಿಸ್ಲಾ?

ಜಯಸಿಂಹ: ಫ್ರಿಜ್?

ಸರಸ್ವತಿ: ಅದೂ ಆಫ್. ಹಾಲು ಒಡೆದ್ರೆ ನಿಮ್ಮ ಸರ್ಕ್ಯೂಟಿಗೇ ಅಭಿಷೇಕ.

ಜಯನಗರದ ಬಾಡಿಗೆ ಮನೆಯ ಮೊದಲ ಮಹಡಿ, ಭಾನುವಾರದ ಮಧ್ಯಾಹ್ನ. ಜಯಸಿಂಹರು ಕಂಪ್ಯೂಟರಿಗೆ ತಾಳ ಕೊಡುವ ಕ್ಲಾಕ್ ಚಿಪ್ ಮಾಡುವ ಕಂಪನಿಯಲ್ಲಿ ಎಂಜಿನಿಯರು. ಊಟದ ಮೇಜಿನ ಮೇಲೆ ಬಿಸ್ಕತ್ತಿನಷ್ಟು ದೊಡ್ಡ ಬೋರ್ಡು, ಪಕ್ಕದಲ್ಲಿ ಬ್ಯಾಟರಿಯ ಮೀಟರು. ಮೀಟರಿನ ಪರದೆಯ ನಡುವೆ ಒಂದು ಎತ್ತರದ ಗೆರೆ, ಅದರ ಅಕ್ಕಪಕ್ಕ ಕರೆಯದೆ ಬಂದು ನಿಂತ ಎರಡು ಗಿಡ್ಡ ಗೆರೆ. ಸಂಜೆಯೊಳಗೆ ಆ ಗಿಡ್ಡರನ್ನು ಓಡಿಸಿ ಗ್ರಾಫ್ ಕಳಿಸದಿದ್ದರೆ ಪ್ರಾಜೆಕ್ಟು ಶಶಿಧರನ ಪಾಲು. ತಾವೇ ಕೆಲಸ ಕಲಿಸಿದ ಹುಡುಗನ ಕೈಕೆಳಗೆ ಕೂರಬೇಕು! ನೆನೆದಾಗಲೆಲ್ಲ ಅವರ ಬಲಗಾಲು ಮೇಜಿನ ಕೆಳಗೆ ಹೊಲಿಗೆ ಮಿಷನ್ ತುಳಿಯುತ್ತಿತ್ತು.

ಸರಸ್ವತಿ: ಮೊದ್ಲು ಕಾಲಾಡ್ಸೋದು ನಿಲ್ಸಿ. ಮನೆಗೆ ದರಿದ್ರ ಅಂತ ನಿಮ್ಮಮ್ಮನೇ ಹೇಳ್ತಿದ್ರು.

ಜಯಸಿಂಹ: ಕಾಲಾಡಿದ್ರೇನೇ ನನ್ನ ತಲೆ ಓಡೋದು. ಇಲ್ಲಿ ನೋಡು, ಇದು ಫೇಸ್ ಲಾಕ್ಡ್ ಲೂಪು. ಒಳಗೆ ಇಬ್ಬರಿದ್ದಾರೆ ಅಂದ್ಕೋ. ಒಬ್ಬರು ತಾಳ ಹಾಕ್ತಾರೆ. ಇನ್ನೊಬ್ಬರು ಅದನ್ನ ಕೇಳ್ಕೊಂಡು, ತಪ್ಪಿದಾಗೆಲ್ಲ ತಿದ್ಕೊಂಡು ಹೆಜ್ಜೆ ಹಾಕ್ತಾರೆ.

ಸರಸ್ವತಿ: ತಿದ್ಕೊಳ್ಳೋರೂ ಇದಾರಾ? ಯಾರ ಮನೇಲಿ?

ಜಯಸಿಂಹ: ಚಿಪ್ಪಲ್ಲಿ ಕಣೇ! ಹೊರಗಿಂದ ಯಾರಾದ್ರೂ ಗಲಾಟೆ ಮಾಡಿದ್ರೆ ಆ ಹೆಜ್ಜೆ ತಪ್ಪತ್ತೆ, ಈ ಕಳ್ಳ ಗೆರೆ ಹುಟ್ಕೊಳ್ಳತ್ತೆ. ಆಫೀಸಲ್ಲಿ ಎಸಿ ಕಾಟ ಅಂತ ಮನೆಗೆ ತಂದೆ. ಇಲ್ಲೂ ಅದೇ ಎರಡು, ದ್ವಾರಪಾಲಕರ ಥರ, ಅದೇ ಜಾಗದಲ್ಲಿ!

ಸರಸ್ವತಿ: ನಿಮ್ಮ ಜೊತೇಲೇ ಬಂದಿರ್ಬೇಕು.

ಜಯಸಿಂಹ: ತಮಾಷೆ ಸಾಕು. ನೀನು ಪರದೆ ನೋಡ್ತಿರು, ನಾನು ಯುಪಿಎಸ್ ಆರಿಸಿ ಬರ್ತೀನಿ.

ಅವರು ಒಳಕ್ಕೆ ಹೋದದ್ದೇ ತಡ, ಸರಸ್ವತಿ ಕೂಗಿದರು.

ಸರಸ್ವತಿ: ರೀ! ಹೋದ್ರು! ಇಬ್ಬರೂ ಹೋದ್ರು!

ಜಯಸಿಂಹರು ಓಡಿ ಬಂದು ಕುರ್ಚಿಯಲ್ಲಿ ಕೂತರು.

ಜಯಸಿಂಹ: ಎಲ್ಲಿ ಹೋದ್ರು? ಇಲ್ಲೇ ನಿಂತಿದ್ದಾರಲ್ಲ!

ಸರಸ್ವತಿ: ಈಗಿರ್ಲಿಲ್ಲ, ದೇವರಾಣೆ!

ಜಯಸಿಂಹ: ನಿನಗೆ ಗ್ರಾಫ್ ನೋಡೋಕೆ ಬರಲ್ಲ.

ಜಯಸಿಂಹರು ಗೋಡೆ ಗಡಿಯಾರ ಇಳಿಸಲು ಹೋದರು. ಸರಸ್ವತಿ ಹೋಯ್ತು ಅಂದರು. ಗಂಡ ಬಂದು ಕೂತರು, ಗೆರೆಗಳೂ ಬಂದವು. ಕಾಲಿಂಗ್ ಬೆಲ್ಲಿನ ತಂತಿ ಬಿಚ್ಚಿದಾಗಲೂ ಅದೇ ಕತೆ. ಕೊನೆಗೆ ಕೆಳಗಿಳಿದು, ಯಾರಿಗೂ ಹೇಳದೆ, ಓನರ್ ಮನೆಯ ನೀರಿನ ಮೋಟರ್ ಆರಿಸಿ ಬಂದರು.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲನ್ನು ದಡದಡ ಬಡಿದರು. ನೋಡಿದರೆ ಓನರ್ ಚಿಕ್ಕಬೈರಪ್ಪನವರು. ಸೊಂಟಕ್ಕೆ ಟವೆಲ್ಲು, ಮುಖದ ತುಂಬ ಸೋಪಿನ ನೊರೆ, ತೆರೆದಿದ್ದುದು ಒಂದೇ ಕಣ್ಣು.

ಚಿಕ್ಕಬೈರಪ್ಪ: ಸಾರ್, ಯಾರೋ ನಮ್ ಮೋಟರ್ ಆಫ್ ಮಾಡವ್ರೆ. ನಲ್ಲೀಲಿ ಬರೀ ಗಾಳಿ ಬತ್ತೈತೆ.

ಜಯಸಿಂಹ: ನಾನೇ ಮಾಡಿದ್ದು. ನಿಮ್ಮ ಮೋಟರ್ ನನ್ನ ತಾಳ ತಪ್ಪಿಸ್ತಿದೆ.

ಚಿಕ್ಕಬೈರಪ್ಪ: ಮೋಟರ್‌ಗೆ ತಾಳ ಯಾಕ್ ಸಾರ್? ನೀರೆತ್ತಿದ್ರೆ ಸಾಲ್ದಾ?

ಜಯಸಿಂಹ: ಒಂದು ನಿಮಿಷ ಕೂತ್ಕೊಳ್ಳಿ. ಕಣ್ಣು ಮಾತ್ರ ಉಜ್ಜಬೇಡಿ, ಸಿಗ್ನಲ್ ಕೆಟ್ಟೋಗತ್ತೆ.

ಚಿಕ್ಕಬೈರಪ್ಪನವರು ಉಜ್ಜಲು ಎತ್ತಿದ ಕೈಯನ್ನು ಹೆದರಿ ಇಳಿಸಿದರು.

ಚಿಕ್ಕಬೈರಪ್ಪ: ಸರಿ ಬುಡಿ. ಹೆಂಗೂ ಬಂದಿದ್ದೀನಿ, ನಂದೂ ಒಂದು ಗೋಳು ಕೇಳಿ. ನಮ್ ಶೋಕೇಸ್ ಗಾಜು ದಿನಾ ಗಲಗಲ ಅಂದೂ ಅಂದೂ ಬಿರುಕೇ ಬಿಡ್ತು. ಮೇನ್ ರೋಡ್ ಅಗೀತಿದ್ರಲ್ಲ, ಅವ್ರ ಮಿಷನ್ನೇ ಕಾರಣ ಅಂತ ಹೋಗಿ ಜಗಳ ಆಡಿ ಕೆಲ್ಸಾನೇ ನಿಲ್ಸಿದೆ. ಆದ್ರೂ ಇವತ್ತು ಗಲಗಲ ಅಂತಾನೇ ಐತೆ!

ಸರಸ್ವತಿ: ಭೂಕಂಪ ಏನಾದ್ರೂ...

ಚಿಕ್ಕಬೈರಪ್ಪ: ನಮ್ ಮನೆ ಒಂದಕ್ಕೇ ಆಯ್ತದಾ ಅಮ್ಮಾ?

ಅಷ್ಟರಲ್ಲಿ ಅವರ ಒಂದು ಕಣ್ಣು ಮೇಜಿನ ಕೆಳಗೆ ಹೋಯಿತು.

ಚಿಕ್ಕಬೈರಪ್ಪ: ಸಾರ್, ಬೇಜಾರ್ ಮಾಡ್ಕೋಬೇಡಿ. ಮನೆ ಕೊಡೋವಾಗ ನೀರು, ಪಾರ್ಕಿಂಗು ಎಲ್ಲಾ ಮಾತಾಡಿದ್ವಿ, ಕಾಲಾಡ್ಸೋ ವಿಷ್ಯ ಬರ್ಲಿಲ್ಲ. ಕಾಲಾಡ್ಸೋ ಮನೇಲಿ ಲಕ್ಷ್ಮಿ ನಿಲ್ಲಲ್ಲ. ನಿಮ್ ಲಕ್ಷ್ಮಿ ಹೋದ್ರೆ ನಿಮ್ಮಿಷ್ಟ. ಆದ್ರೆ ನಮ್ ಲಕ್ಷ್ಮೀನೂ ಕೆಳಗಡೇನೇ ಅವ್ಳೆ.

ಸರಸ್ವತಿಗೆ ಮುಖ ಎಲ್ಲಿಡುವುದೋ ತಿಳಿಯಲಿಲ್ಲ. ಬಗ್ಗಿ ಗಂಡನ ಮೊಣಕಾಲನ್ನು ಎರಡೂ ಕೈಯಿಂದ ಅದುಮಿ ಹಿಡಿದರು. ಗಿಡ್ಡ ಗೆರೆಗಳು ಮಾಯವಾದವು.

ಜಯಸಿಂಹ: ಹೋಯ್ತು! ಸರಸೂ, ನಿನ್ನ ಬಳೆ! ಚಿನ್ನದ ಬಳೆ ಗಲಾಟೆ ತಡೀತಿದೆ!

ಸರಸ್ವತಿ: ಬಳೆ ಅಲ್ಲ ರೀ, ಕಾಲು!

ಅವರು ಕೈ ಬಿಟ್ಟರು, ಗೆರೆ ಬಂತು. ಹಿಡಿದರು, ಹೋಯಿತು. ಜಯಸಿಂಹರ ಮುಖ ಇಳಿಯಿತು.

ಜಯಸಿಂಹ: ಮೇಜು ಅಲ್ಲಾಡಿದ್ರೆ ಬೋರ್ಡಿನ ಕೆಪ್ಯಾಸಿಟರ್ ಅಲ್ಲಾಡತ್ತೆ, ಅದು ಅಲ್ಲಾಡಿದ್ರೆ ವೋಲ್ಟೇಜ್ ಹುಟ್ಟತ್ತೆ... ಅಯ್ಯೋ, ಆಫೀಸಿನ ಎಸಿ ಬೇರೆ ಬಿಚ್ಚಿಸಿ ಬಂದಿದ್ದೀನಲ್ಲೇ! ಬಿಡ್ಬೇಡ, ಹಾಗೇ ಹಿಡ್ಕೊಂಡಿರು, ಗ್ರಾಫ್ ತೆಗೀತೀನಿ.

ಸರಸ್ವತಿ: ಮೊದ್ಲು 'ನೀನು ಹೇಳಿದ್ದೇ ಸರಿ' ಅನ್ನಿ.

ಜಯಸಿಂಹ: ಆಮೇಲೆ ಅಂತೀನಿ.

ಸರಸ್ವತಿ: ಬಿಡ್ಲಾ?

ಜಯಸಿಂಹ: ನೀನು ಹೇಳಿದ್ದೇ ಸರಿ!

ಸರಸ್ವತಿ: ಚಿಕ್ಕಬೈರಪ್ಪನವರೇ, ನೀವೇ ಸಾಕ್ಷಿ.

ಚಿಕ್ಕಬೈರಪ್ಪ: ಒಂದ್ ಕಣ್ಣಾರೆ ನೋಡಿವ್ನಿ ಅಮ್ಮಾ.

ಗ್ರಾಫ್ ಆಫೀಸಿಗೆ ಹೋಯಿತು. ಅದೇ ಹೊತ್ತಿಗೆ ಕೆಳಗಿನಿಂದ ಓನರ್ ಹೆಂಡತಿ ಬೈರಮ್ಮನವರ ಕೂಗು ಕೇಳಿಸಿತು: "ಇಲ್ ಕೇಳುದ್ರಾ, ಶೋಕೇಸ್ ನಿಂತೋಯ್ತು!"

ಫೋನು ಕಿಣಿ ಎಂದಿತು. ಶಶಿಧರ ಬರೆದಿದ್ದ: 'ಸರ್, ಗ್ರಾಫ್ ಸಖತ್ ಕ್ಲೀನ್. ಪ್ರಾಜೆಕ್ಟು ನಿಮ್ಮದೇ ಅಂದ್ರು ಬಾಸ್.' ಸರಸ್ವತಿ ಕೈ ಬಿಟ್ಟು ಚಟ್ನಿಯ ಕಡೆ ಹೊರಟರು. ಜಯಸಿಂಹರಿಗೆ ಸಂತೋಷ ತಡೆಯಲಾಗಲಿಲ್ಲ, ಕಾಲು ಹೊರಟೇಬಿಟ್ಟಿತು.

"ಅಯ್ಯೋ, ಮತ್ತೆ ಸುರುವಾಯ್ತು ಬನ್ನೀ!" ಎಂದರು ಕೆಳಗಿನಿಂದ ಬೈರಮ್ಮ.

ಚಿಕ್ಕಬೈರಪ್ಪನವರು ನೆಲ ನೋಡಿದರು. ಜಯಸಿಂಹರ ಕಾಲು ನೋಡಿದರು. ಆಮೇಲೆ, ಉರಿಯುತ್ತಿದ್ದರೂ, ಎರಡನೆಯ ಕಣ್ಣನ್ನೂ ತೆರೆದರು.

ಚಿಕ್ಕಬೈರಪ್ಪ: ಅಂಗಾರೆ ಆ ರೋಡ್ ಅಗೆಯೋರು... ತಪ್ಪಾಯ್ತು ಅಂತ ಒಪ್ಕೊಂಡು, ಹೊಸ ಗಾಜು ಹಾಕ್ಸಿ, ಕೈ ಮುಗಿದು ಹೋದ್ರಲ್ಲ ಸಾರ್!